ಮಾಮೂಲಿ ಎತ್ತರದ ನಾಲ್ಕು ಕಂಬ

ನಮ್ಮ ಟ್ರೂಬ್ಲಿಕೋನ್ ಊರಿನಲ್ಲಿ ಸಾಮಾನ್ಯ ಮನುಷ್ಯ ಎಂಬ ಹುದ್ದೆಗೆ ಅಧಿಕೃತವಾಗಿ ಆಯ್ಕೆಯಾದವರು ಇಲ್ಲಿಯವರೆಗೆ ಒಬ್ಬರೇ. ಅವರು ನನ್ನ ಸೋದರಮಾವ ಮೆಲ್ಕಿಯೋರ್ ಎಟ್ಟರ್.

ಹಳೆಯ ಹಾಲಿನ ಡೇರಿಯ ಹಿಂದೆ ಪಂಚಾಯಿತಿಗೆ ಸೇರಿದ ಒಂದು ಹುಲ್ಲುಗಾವಲಿದೆ. ಅದರ ಗುತ್ತಿಗೆ ಮುಗಿದಾಗ, ಅಲ್ಲಿ ಹುಡುಗರಿಗೂ ದೊಡ್ಡವರಿಗೂ ಹೊಂದುವಂಥ ಒಂದು ಪಾರ್ಕು ಮಾಡಬಹುದಲ್ಲ ಎಂಬ ಮಾತು ಬಂತು. ಜೂನ್ ತಿಂಗಳ ಊರಸಭೆ ಕೈಯೆತ್ತಿ ಒಪ್ಪಿದರೆ ಪಾರ್ಕು. ಒಪ್ಪದಿದ್ದರೆ ಮತ್ತೆ ಗುತ್ತಿಗೆ, ಸುತ್ತ ಬೇಲಿ, ಒಳಗೆ ಹಸು. ಅಷ್ಟರೊಳಗೆ ಯೋಜನೆ ತಯಾರಾಗಬೇಕಿತ್ತು. ಯೋಜನೆಯೆಂದರೆ ಸಮಿತಿ. ಸಮಿತಿಯಿಲ್ಲದೆ ನಾವು ಬಾಗಿಲ ಮುಂದಿನ ಹಿಮವನ್ನೂ ಗುಡಿಸುವ ಜನವಲ್ಲ.

ಪಂಚಾಯಿತಿ ಪ್ರಕಟಣೆ ಹೊರಡಿಸಿತು. ಸಮಿತಿಯಲ್ಲಿ ಅಧ್ಯಕ್ಷರು, ಯುವಜನರ ಕಡೆಯಿಂದ ಒಬ್ಬರು, ಹುಲ್ಲುಗಾವಲಿನ ಅಕ್ಕಪಕ್ಕದವರ ಕಡೆಯಿಂದ ಒಬ್ಬರು ಮತ್ತು 'ಒಬ್ಬ ಸಾಮಾನ್ಯ ನಾಗರಿಕ' ಇರತಕ್ಕದ್ದು. ಮೊದಲ ಮೂರು ಸ್ಥಾನಗಳು ಒಂದೇ ವಾರದಲ್ಲಿ ತುಂಬಿದವು. ನಾಲ್ಕನೆಯದಕ್ಕೆ ಊರಿನಲ್ಲಿ ಅರ್ಹರೇ ಸಿಗಲಿಲ್ಲ. ಒಬ್ಬರು ಸೈನ್ಯದಲ್ಲಿ ಅಡುಗೆಮನೆಯ ಸಾರ್ಜೆಂಟ್ ಆಗಿದ್ದವರು. ಇನ್ನೊಬ್ಬರ ತಾತ ಕುಸ್ತಿಯಲ್ಲಿ ಹೋರಿಯನ್ನು ಬಹುಮಾನವಾಗಿ ಗೆದ್ದವರು. ಮತ್ತೊಬ್ಬರಿಗೆ ಸೊಂಟನೋವಿತ್ತು, ಅದೂ ಡಾಕ್ಟರೇ ಬೆರಗಾಗುವಂಥದ್ದು. ತಾನು ಸಾಮಾನ್ಯ ಎಂದು ಒಪ್ಪಿಕೊಳ್ಳುವ ಧೈರ್ಯ ಇದ್ದದ್ದು ಪಟ್ಟಣದ ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಮಾವನಿಗೆ ಮಾತ್ರ.

ಅಂದು ಸಂಜೆ ಅವರು ಊಟದ ಮೇಜಿನ ಬಳಿ ನಿಂತೇ ಘೋಷಿಸಿದರು.

"ಹೆಡಿ, ಇವತ್ತಿಂದ ನಾನು ಊರಿಗೇ ಸಾಮಾನ್ಯ ಮನುಷ್ಯ."

"ಮದುವೆಯಾದ ದಿನದಿಂದ ನನಗೊಬ್ಬಳಿಗೇ ಗೊತ್ತಿತ್ತು," ಅಂದರು ಹೆಡಿ ಅತ್ತೆ, ಆಲೂಗಡ್ಡೆ ಬಡಿಸುತ್ತ. "ಈಗ ಊರಿಗೂ ಗೊತ್ತಾಯ್ತು ಅನ್ನು. ಕೂತ್ಕೋ, ಆರಿಹೋಗತ್ತೆ."

ಅವರ ಮನೆಯ ಮೇಲಿನ ಮಹಡಿಯಲ್ಲೇ ನನ್ನ ವಾಸ. ಆ ವಾರವಿಡೀ ಮಾವ ಮೆಟ್ಟಿಲು ಹತ್ತುವ ಸದ್ದೇ ಬದಲಾಗಿತ್ತು. ಸಾಮಾನ್ಯತೆಗೆ ಇಷ್ಟು ತೂಕವಿದೆ ಎಂದು ನಾನು ಅಲ್ಲಿಯವರೆಗೆ ತಿಳಿದಿರಲಿಲ್ಲ.

ಸಮಿತಿ ಪಂಚಾಯಿತಿ ಕಚೇರಿಯಲ್ಲಿ ಸೇರಿತು. ಸಭೆಗೆ ಬಾಗಿಲು ತೆರೆದಿರಬೇಕೆಂಬುದು ನಿಯಮ. ಹಿಂದಿನ ಸಾಲಿನಲ್ಲಿ ಕೂತು ನೋಡಲು ಬಂದವಳು ನಾನೊಬ್ಬಳೇ. ಅಧ್ಯಕ್ಷೆ ಚೂಡಿಯವರು ಮೃದು ಮಾತಿನ ಹೆಂಗಸು. ಯಾರನ್ನೂ ನೋಯಿಸದೆ ಯಾವ ಕೆಲಸವನ್ನೂ ಆಗಗೊಡದೆ ಮೂರನೆಯ ಸಲ ಆರಿಸಿ ಬಂದಿದ್ದರು. ಯುವಜನರ ಪರವಾಗಿ ಬಂದವಳು ಲಾದಿನಾ, ಬೇಕರಿಯಲ್ಲಿ ಕೆಲಸ ಕಲಿಯುತ್ತಿದ್ದ ಹದಿನೇಳರ ಹುಡುಗಿ. ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. ಅಕ್ಕಪಕ್ಕದವರ ಪರವಾಗಿ ಬಂದವರು ಗೋತ್‌ಫ್ರೀದ್ ನಿಡರರ್. ಹುಲ್ಲುಗಾವಲಿನ ಅಂಚಿನಲ್ಲಿ ಅವರ ಮನೆ, ಮನೆಗೊಂದು ಬಾಲ್ಕನಿ, ಬಾಲ್ಕನಿಗೆ ನೇರವಾಗಿ ಗೆಲ್ಬ್‌ಹೋರ್ನ್ ಶಿಖರ. ಶಿಖರವನ್ನು ಅವರು 'ನನ್ನ ಬೆಟ್ಟ' ಎಂದೇ ಕರೆಯುವುದು. ಮಧ್ಯಾಹ್ನ ಹನ್ನೆರಡರ ಗಂಟೆ ಬಾರಿಸಿದ ಮೇಲೆ ಊಟದ ಹೊತ್ತು ಮುಗಿಯುವವರೆಗೆ ಸದ್ದು ಮಾಡಬಾರದೆಂಬುದು ನಮ್ಮಲ್ಲಿ ನಿಯಮ; ಆಗ ಊರಿನಲ್ಲಿ ಯಾರಾದರೂ ಮೊಳೆ ಹೊಡೆದರೆ, ಸುತ್ತಿಗೆ ಎರಡನೆಯ ಸಲ ಮೇಲೇಳುವುದರೊಳಗೆ ಪಂಚಾಯಿತಿಗೆ ಅವರ ಫೋನು ಬಂದಿರುತ್ತಿತ್ತು.

"ನಮಗೆ ದೊಡ್ಡದೇನೂ ಬೇಡ," ಅಂದಳು ಲಾದಿನಾ. "ಮಳೆ ಬಂದ್ರೆ ನಿಲ್ಲೋಕೆ ತಲೆ ಮೇಲೆ ಒಂದು ಮಾಡು, ಮೂರು ಮೀಟರ್ ಎತ್ತರ. ಪಕ್ಕದಲ್ಲಿ ಚೆಂಡಾಡೋಕೆ ಒಂದಿಷ್ಟು ಗಟ್ಟಿ ನೆಲ. ಅಷ್ಟೇ."

"ಈಗ ಎಲ್ಲಿ ನಿಲ್ತೀರಿ?" ಎಂದು ಮಾವ ಕೇಳಿದರು.

"ಬಸ್ ಸ್ಟಾಪಲ್ಲಿ. ಬಸ್ಸಿಗೆ ಕಾಯದೇ ಇರೋರು ನಿಲ್ಲಬಾರದು ಅಂತ ಬೋರ್ಡ್ ಹಾಕಿದ್ರಲ್ಲ. ಅದಕ್ಕೆ ಭಾನುವಾರದ ಬಸ್ಸಿಗೆ ಕಾಯ್ತಿದೀವಿ ಅಂತೀವಿ."

"ಭಾನುವಾರ ಬಸ್ಸೇ ಇಲ್ವಲ್ಲ?"

"ಅದಕ್ಕೇ ತುಂಬ ಹೊತ್ತು ಕಾಯ್ಬೋದು."

ನಿಡರರ್ ಗಂಟಲು ಸರಿಮಾಡಿಕೊಂಡರು. "ಮೂರು ಮೀಟರ್ ಅಂದ್ರೆ ಎಷ್ಟು ಅಂತ ಗೊತ್ತಾ ಅಧ್ಯಕ್ಷರೇ? ಇವತ್ತು ಒಂದು ಮಾಡು, ನಾಳೆ ಅದರ ಮೇಲೆ ಬಾವುಟ, ನಾಡಿದ್ದು ನನ್ನ ಬೆಟ್ಟ ಎಲ್ಲಿ ಅಂತ ನಾನು ಪೋಸ್ಟ್‌ಕಾರ್ಡಲ್ಲಿ ನೋಡ್ಕೋಬೇಕು. ನನ್ನ ಸಲಹೆ ಸರಳ. ಜಲ್ಲಿ ಹಾಸಿ, ಕಬ್ಬಿಣದ ಗುಂಡು ಉರುಳಿಸೋ ಆಟಕ್ಕೆ ಅನುಕೂಲ. ಒಂದು ಬೆಂಚು ಹಾಕಿ. ಬೆಂಚಿನ ಮುಖ ಆ ಕಡೆಗಿರಲಿ."

"ಅದು ದೊಡ್ಡವರಿಗಾಯ್ತು. ಯುವಜನರಿಗೆ?" ಅಂದರು ಚೂಡಿಯವರು.

"ಅವರೂ ಒಂದಿನ ಮುದುಕರಾಗ್ತಾರಲ್ಲ, ಆಗ ಬಂದು ಆಡ್ಲಿ."

ಹೀಗೆ ಎರಡು ಸಭೆ ನಡೆದವು. ಮೂರನೆಯದರಲ್ಲಿ ನಿಡರರ್, "ನೀವೆಷ್ಟೇ ಹೇಳಿ, ಆ ಮಾಡು ನನ್ನ ಕಣ್ಣಿಗೇ ಕಟ್ಟೋದಿಲ್ಲ. ಕಣ್ಣಿಗೆ ಕಟ್ಟದ್ದಕ್ಕೆ ನಾನು ಕೈಯೆತ್ತೋದಿಲ್ಲ. ನಾನು ಎತ್ತದಿದ್ರೆ ನಮ್ಮ ಬೀದಿಯೇ ಎತ್ತೋದಿಲ್ಲ," ಅಂದುಬಿಟ್ಟರು. ಲಾದಿನಾ ತೋಳಿನ ಹಿಟ್ಟನ್ನು ಉಗುರಿನಿಂದ ಕೆರೆಯತೊಡಗಿದಳು. ಬೇರೆಯವರಿಗೆ ಕಂಡಿತೋ ಇಲ್ಲವೋ, ಮಾವನಿಗೆ ಕಂಡಿತು. ಅವರು ಎದ್ದು ನಿಂತರು.

"ಹಾಸಿಗೇನ ಯಾರೂ ಚಿತ್ರ ನೋಡಿ ಕೊಳ್ಳಲ್ಲ ನಿಡರರ್ ಅವರೇ. ಒಂದ್ಸಲ ಮಲಗಿ ನೋಡ್ಬೇಕು. ನಾನು ನಿಮ್ಮನ್ನ ಮಲಗಿಸಿ ತೋರಿಸ್ತೀನಿ."

"ಏನಂದ್ರಿ?"

"ಅಂದ್ರೆ, ಕಂಬ ನಿಲ್ಲಿಸಿ ತೋರಿಸ್ತೀನಿ."

ಇದರಲ್ಲಿ ಅರ್ಥವಿತ್ತು. ನಮ್ಮಲ್ಲಿ ಮನೆ ಕಟ್ಟಲಿ, ಕೊಟ್ಟಿಗೆ ಕಟ್ಟಲಿ, ಅದರ ನಾಲ್ಕು ಮೂಲೆಗಳಲ್ಲಿ ಕಟ್ಟಡದ ಎತ್ತರಕ್ಕೇ ಕಂಬ ನಿಲ್ಲಿಸಿ, ತುದಿಯಲ್ಲಿ ಮಾಡಿನ ಓರೆಗೆ ಸರಿಯಾಗಿ ಒಂದು ಪಟ್ಟಿ ಹೊಡೆಯಬೇಕು. ಇನ್ನೂ ಇಲ್ಲದ ಕಟ್ಟಡವನ್ನು ಊರವರು ಹೋಗುತ್ತ ಬರುತ್ತ ನೋಡಬೇಕು, ತಕರಾರಿದ್ದವರು ಹೇಳಬೇಕು. ಇಲ್ಲದ್ದನ್ನು ನೋಡಿ ಜಗಳಾಡುವ ಈ ಸೌಕರ್ಯ ಬೇರೆ ದೇಶಗಳಲ್ಲಿ ಇದೆಯೋ ಇಲ್ಲವೋ ತಿಳಿಯದು.

ಮಾವನಿಗೆ ಕೋಬಿ ಎಂಬ ಗೆಳೆಯನಿದ್ದ. ಕಣಿವೆಯಲ್ಲಿ ಕಂಬ ನಿಲ್ಲಿಸುವುದೇ ಅವನ ಕಸುಬು. ನಮ್ಮಲ್ಲಿ ಗಂಡಸರೆಲ್ಲ ವರ್ಷ ವರ್ಷವೂ ಹೋಗಲೇಬೇಕಾದ ಸೈನ್ಯದ ತರಬೇತಿಯಲ್ಲಿ ಇಬ್ಬರೂ ಅಕ್ಕಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿದವರು. ನಮ್ಮಲ್ಲಿ ರಕ್ತಸಂಬಂಧಕ್ಕಿಂತ ಹುಲ್ಲುಸಂಬಂಧ ಗಟ್ಟಿ. ಅವರಿಬ್ಬರ ನಡುವೆ ಫೋನಿನಲ್ಲಿ ನಡೆದ ಮಾತು ನನಗೆ ತಿಳಿದದ್ದು ಕಂಬ ನಿಂತ ಮೇಲೆ. ಆದರೂ ಕ್ರಮ ಕೆಡಬಾರದೆಂದು ಇಲ್ಲೇ ಹೇಳಿಬಿಡುತ್ತೇನೆ.

"ಲೇ ಕೋಬಿ, ಡೇರಿ ಹಿಂದಿನ ಹುಲ್ಲುಗಾವಲಲ್ಲಿ ನಾಲ್ಕು ಕಂಬ ನಿಲ್ಲಿಸ್ಕೊಡೋ."

"ಆಯ್ತಪ್ಪ. ಊರಸಭೆ ಹಿಂದಿನ ದಿನ ಬರ್ತೀನಿ. ಎಷ್ಟೆತ್ತರ?"

ಮೂರು ಮೀಟರ್ ಎಂಬ ಉತ್ತರ ಮಾವನ ನಾಲಗೆಯ ತುದಿಯಲ್ಲೇ ಇತ್ತಂತೆ. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು. ಕಂಬದ ವ್ಯವಹಾರ ತಿಳಿದವನ ಹಾಗೆ ಮಾತು ಮುಗಿಸಬೇಕೆಂಬ ಆಸೆಯೂ ಇತ್ತು.

"ಮಾಮೂಲಿ ಎಷ್ಟಿರತ್ತೋ ಅಷ್ಟೇ ಹಾಕಪ್ಪಾ," ಅಂದರು.

ಕೋಬಿಗೆ ಮಾಮೂಲಿ ಎಂದರೆ ನಾಲ್ಕು ಅಂತಸ್ತು. ಕಣಿವೆಯಲ್ಲಿ ಹತ್ತು ವರ್ಷಗಳಿಂದ ಜನ ಕಟ್ಟುತ್ತಿದ್ದದ್ದೇ ಅದನ್ನು. ಅವನಿಗೆ ಬೇರೊಂದು ಕೆಲಸ ತಪ್ಪಿಹೋಗಿ, ಊರಸಭೆಯ ಹಿಂದಿನ ದಿನ ಬರಬೇಕಾದವನು ನಾಲ್ಕೈದು ದಿನ ಮುಂಚೆಯೇ ಬಂದ. ಬಂದದ್ದು ಗುರುವಾರದ ಬೆಳಗ್ಗೆ, ಮಾವ ಪಟ್ಟಣಕ್ಕೆ ಹೊರಟ ಮೇಲೆ. ಗೆಳೆಯನಿಗೆ ಅಚ್ಚರಿಯಾಗಲಿ ಎಂದು ಒಂದು ಮಾತೂ ಹೇಳದೆ ಹೋದ.

ಆ ಅಚ್ಚರಿ ಮೊದಲು ತಲುಪಿದ್ದು ನಿಡರರ್ ಅವರನ್ನು. ಅವರು ಕಾಫಿ ಹಿಡಿದು ಬಾಲ್ಕನಿಗೆ ಬಂದರು. ಗೆಲ್ಬ್‌ಹೋರ್ನ್ ಶಿಖರ ಇದ್ದಲ್ಲೇ ಇತ್ತು, ಆದರೆ ಎರಡು ಕಬ್ಬಿಣದ ಕಂಬಗಳ ನಡುವೆ, ಜೈಲಿನೊಳಗಿನ ಸಂಬಂಧಿಕರ ಹಾಗೆ ಅವರನ್ನು ನೋಡುತ್ತಿತ್ತು. ಹನ್ನೆರಡು ಮೀಟರಿನ ನಾಲ್ಕು ಕಂಬಗಳು, ತುದಿಯಲ್ಲಿ ಓರೆ ಪಟ್ಟಿಗಳು, ಹುಲ್ಲುಗಾವಲಿನ ನಟ್ಟನಡುವೆ.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಬೇಲಿಯ ಬಳಿ ನಿಂತಿತ್ತು. ಮಾವ ನಿಲ್ಲಿಸುತ್ತೇನೆಂದದ್ದು ಮೂರು ಮೀಟರಿನ ಮಾಡಿನ ಕಂಬವಾದ್ದರಿಂದ, ಇವು ಅವರವೆಂದು ಯಾರಿಗೂ ಹೊಳೆಯಲಿಲ್ಲ.

"ಯಾರೋ ನಗರದ ಕುಳ ಇರ್ಬೇಕು."

"ಕುಳ ಅಲ್ಲ ಮಾರಾಯ್ರೆ, ಕಂಪನಿ. ಕೆಳಗೆ ಕಾರು ನಿಲ್ಲೋಕೆ ನೆಲಮಾಳಿಗೆ ಬೇರೆ ಇರತ್ತೆ ನೋಡಿ."

"ಲಿಫ್ಟೂ ಇರತ್ತಾ?" ಎಂದು ಸೊಂಟನೋವಿನವರು ಸ್ವಲ್ಪ ಆಸೆಯಿಂದ ಕೇಳಿದರು. ಅವರನ್ನು ಎಲ್ಲರೂ ದುರುಗುಟ್ಟಿ ನೋಡಿದರು.

"ಅಧ್ಯಕ್ಷರೇ, ಇದು ಯಾರದ್ದು?" ನಿಡರರ್ ಗುಡುಗಿದರು. ಗುಡುಗಿದ ಮೇಲೆ ಗಡಿಯಾರ ನೋಡಿಕೊಂಡರು. ಹನ್ನೆರಡು ಹೊಡೆದಾಗಿತ್ತು. ತಮ್ಮ ಬದುಕಿನಲ್ಲಿ ಮೊದಲ ಬಾರಿಗೆ ಮಧ್ಯಾಹ್ನದ ಮೌನವನ್ನು ಅವರೇ ಮುರಿದಿದ್ದರು.

"ನಮಗೆ ಯಾವ ಅರ್ಜಿಯೂ ಬಂದಿಲ್ಲ," ಅಂದರು ಚೂಡಿಯವರು. ಅದು ಸತ್ಯ. ಸತ್ಯವಾದ್ದರಿಂದ ಯಾರೂ ನಂಬಲಿಲ್ಲ.

ನಿಡರರ್ ಮಡಚುವ ಮೇಜೊಂದನ್ನು ತಂದು ಅಲ್ಲೇ ಆಕ್ಷೇಪಣೆಗೆ ಸಹಿ ಹಾಕಿಸತೊಡಗಿದರು. ಸಂಜೆ ಬೇಕರಿಯಿಂದ ಲಾದಿನಾ ತನ್ನ ಗೆಳೆಯ ಗೆಳತಿಯರೊಂದಿಗೆ ಬಂದಳು. ಬಂದವಳು ಕಂಬಗಳನ್ನು ತಲೆಯೆತ್ತಿ ನೋಡಿದಳು. "ಹಾಗಾದ್ರೆ ಪಾರ್ಕು ಇಲ್ಲ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ ಸ್ಟಾಪಿಗೆ ಹಿಂದಿರುಗಲು ತಯಾರಾದವಳ ದನಿ ಅದು. ನಿಡರರ್ ಮೇಜಿನಾಚೆಯಿಂದ ಅವಳನ್ನು ನೋಡಿದರು, ಪೆನ್ನು ಮುಂದೆ ಚಾಚಿದರು. "ಹಾಕಮ್ಮ ಸಹಿ. ಇದರಲ್ಲಿ ನಾವಿಬ್ಬರೂ ಒಂದೇ."

ಆರು ಗಂಟೆಯ ಬಸ್ಸಿನಿಂದ ಮಾವ ಇಳಿದರು. ಬಸ್ ಸ್ಟಾಪಿನಿಂದಲೇ ಕಂಬಗಳು ಕಂಡವು. ಅವರ ಮುಖ ಕೆಂಪಾಯಿತು.

"ನೋಡ್ದೇನೇ?" ಅಂದರು, ಎದುರುಗೊಳ್ಳಲು ಬಂದಿದ್ದ ನನ್ನ ಕೈ ಹಿಡಿದು. "ನನ್ನ ಕಂಬ ಬರೋದಕ್ಕೆ ಮುಂಚೆ ಯಾವನೋ ಅವನ ಕಂಬ ತಂದು ನೆಟ್ಟಿದ್ದಾನೆ! ನಾಲ್ಕು ಅಂತಸ್ತು! ನನ್ನ ಮೂರು ಮೀಟರ್ ಮಾಡನ್ನ ಅವನ ನೆಲಮಾಳಿಗೇಲಿ ಇಟ್ಕೋತಾನೇನೋ!"

ತಮ್ಮ ಕಂಬಗಳ ವಿರುದ್ಧ ತಾವೇ ಸಹಿ ಹಾಕಿದ ಮಾವ ಅಷ್ಟಕ್ಕೇ ನಿಲ್ಲಲಿಲ್ಲ. ಮಡಚುವ ಕುರ್ಚಿಯ ಮೇಲೆ ಹತ್ತಿ ಭಾಷಣ ಮಾಡಿದರು. "ಬಂಧುಗಳೇ, ಈ ಕಂಬ ನೆಟ್ಟವನಿಗೆ ನಮ್ಮೂರಿನ ಬಗ್ಗೆ ಏನು ಗೊತ್ತು? ನಮ್ಮ ಹುಡುಗರ ಬಗ್ಗೆ ಏನು ಗೊತ್ತು? ಅವನಿಗೆ ಮೂರು ಮೀಟರ್‌ಗೂ ಹನ್ನೆರಡು ಮೀಟರ್‌ಗೂ ವ್ಯತ್ಯಾಸ ಗೊತ್ತಾ? ಅವನು ಮೂರ್ಖ! ಒಬ್ಬ ಸಾಮಾನ್ಯ ನಾಗರಿಕನಾಗಿ ಹೇಳ್ತೀನಿ, ಅವನು ಕೈಗೆ ಸಿಕ್ಕರೆ..." ಇಲ್ಲಿ ಕುರ್ಚಿ ಮಡಚಿಕೊಂಡಿತು. ನಿಡರರ್ ಮತ್ತು ಲಾದಿನಾ ಒಂದೊಂದು ತೋಳು ಹಿಡಿದು ಅವರನ್ನು ಎತ್ತಿದರು. ಜನ ಚಪ್ಪಾಳೆ ತಟ್ಟಿದರು. ನಮ್ಮೂರಿನಲ್ಲಿ ಚಪ್ಪಾಳೆ ಅಪರೂಪ. ವಾದ್ಯವೃಂದಕ್ಕೂ ಕೊನೆಯಲ್ಲಿ ಒಮ್ಮೆ ತಟ್ಟುತ್ತೇವೆ, ಅಷ್ಟೇ.

ಮನೆಗೆ ಬಂದ ಮಾವ ಕೋಬಿಗೆ ಫೋನು ಮಾಡಿದರು. "ಲೇ, ನೀನು ಬರೋದು ಬೇಡ ಕಣೋ. ಅಲ್ಲಿ ಯಾವನೋ ಮೂರ್ಖ ಆಗ್ಲೇ ನಾಲ್ಕು ಕಂಬ ನೆಟ್ಟಿದ್ದಾನೆ."

ಆಮೇಲೆ ಬಹಳ ಹೊತ್ತು ಆ ಕಡೆಯಿಂದ ಕೋಬಿ ಮಾತಾಡಿದ. ಮಾವ "ಹೂಂ" ಅಂದರು. ಮತ್ತೆ "ಹೂಂ" ಅಂದರು. ಕೊನೆಗೆ ಫೋನಿಟ್ಟು ಕುರ್ಚಿಯಲ್ಲಿ ಕೂತರು.

ಹೆಡಿ ಅತ್ತೆ ಹೆಣಿಗೆಯಿಂದ ತಲೆಯೆತ್ತದೆ ಕೇಳಿದರು. "ಆ ಮೂರ್ಖ ಸಿಕ್ಕಿದನಾ?"

"ಸಿಕ್ಕಿದ."

"ನಮ್ಮ ಮನೇಲೇ ಇದ್ದಾನಾ?"

ಮಾವ ತಲೆಯಾಡಿಸಿದರು. ಅತ್ತೆ ಸೂಜಿ ಕೆಳಗಿಟ್ಟರು. "ನಾನೂ ಅವನ ವಿರುದ್ಧ ಸಹಿ ಹಾಕಿದ್ದೀನಿ. ಇಷ್ಟು ವರ್ಷದಲ್ಲಿ ಅದೊಂದು ಅವಕಾಶ ಸಿಕ್ಕಿತ್ತು, ಸಂತೋಷ. ನಾಳೆ ಬೆಳಗ್ಗೆ ಹೋಗಿ ಒಪ್ಪಿಕೊಂಡು ಬಾ."

ಮರುದಿನ ಮಾವ ಅಂಗಡಿಗೆ ರಜೆ ಹಾಕಿ, ತಪ್ಪೊಪ್ಪಿಕೊಳ್ಳುವ ಅಂಗಿ ಹಾಕಿಕೊಂಡು ಹೊರಟರು. ಒಪ್ಪಿಕೊಳ್ಳುವುದು ಸುಲಭ, ಕೇಳುವವರು ಸಿಗುವುದು ಕಷ್ಟ ಎಂಬುದು ಅಂದು ನಾನು ಕಂಡ ಸತ್ಯ.

ಹುಲ್ಲುಗಾವಲಿನಲ್ಲಿ ಕಾವಲು ಶುರುವಾಗಿತ್ತು. ಕಂಪನಿಯವರು ಬಂದರೆ ಹಿಡಿದು ಕೇಳಬೇಕೆಂದು ನಿಡರರ್ ಸರದಿ ಗೊತ್ತುಮಾಡಿದ್ದರು. ಬರಿದೇ ಕಾಯುವುದು ಬೇಸರವೆಂದು ಹಿರಿಯರು ಕಬ್ಬಿಣದ ಗುಂಡು ತಂದು ಉರುಳಿಸುತ್ತಿದ್ದರು. ಹುಡುಗರು ಒಲೆ ತಂದು ಸಾಸೇಜ್ ಸುಡುತ್ತಿದ್ದರು. ಯಾರೋ ಒಂದು ಕಂಬಕ್ಕೆ ಚೆಂಡು ಹಾಕುವ ಬಳೆ ಕಟ್ಟಿದ್ದರು. ಆ ಕಂಬದ ಪಕ್ಕದಲ್ಲೇ ನಿಡರರ್ ಕುರ್ಚಿ.

"ನಿಡರರ್ ಅವರೇ, ಈ ಕಂಬ ನಾನೇ ನೆಟ್ಟಿದ್ದು."

ನಿಡರರ್ ಎದ್ದು ಮಾವನ ಭುಜದ ಮೇಲೆ ಕೈಯಿಟ್ಟರು. "ನನಗೂ ರಾತ್ರಿಯಿಡೀ ಹಾಗೇ ಅನ್ನಿಸ್ತು ಎಟ್ಟರ್ ಅವರೇ. ನಾವೆಲ್ಲ ಸೇರಿ ನೆಟ್ಟಿದ್ದು. ನಾವು ಜಗಳ ಆಡ್ತಾ ಕೂತ್ವಿ, ಅವನು ಬಂದು ನೆಟ್ಟ. ದೊಡ್ಡ ಮಾತು ಹೇಳಿದ್ರಿ."

"ಅದಲ್ಲ, ನಾನು ಫೋನ್ ಮಾಡಿ..."

"ಮಾಡಿ, ಪತ್ರಿಕೆಯವರಿಗೂ ಮಾಡಿ! ಏಯ್ ಲಾದಿನಾ, ನಮ್ಮ ಎಟ್ಟರ್ ಅವರಿಗೆ ಒಂದು ಸಾಸೇಜ್ ಕೊಡು."

ಅಷ್ಟರಲ್ಲಿ ಚೆಂಡು ಬಂದು ನಿಡರರ್ ಕಾಫಿಯನ್ನು ಉರುಳಿಸಿತು. ಅವರು ಚೆಂಡನ್ನೆತ್ತಿ ತಿರುಗಿಸಿ ನೋಡಿ, ಬಳೆಯ ಕಡೆಗೆ ಎಸೆದರು. ಬೀಳಲಿಲ್ಲ. ಮತ್ತೊಮ್ಮೆ ಎಸೆದರು. ಬೀಳಲಿಲ್ಲ. "ಈ ಬಳೆ ಓರೆ ಇದೆ," ಎಂದು ತಕರಾರು ತೆಗೆದರು. ಶನಿವಾರದ ಹೊತ್ತಿಗೆ ಬಳೆ ಎರಡು ಬಾರಿ ಜಾಗ ಬದಲಾಯಿಸಿತ್ತು. ಭಾನುವಾರ ಅವರು ಲಾದಿನಾಳ ಗ್ಲಾಸಿಗೆ ತಮ್ಮ ಗ್ಲಾಸು ತಾಗಿಸಿ, "ಇನ್ನು ಮೇಲೆ ನೀವು ಗೀವು ಬೇಡ, ನೀನು ಅನ್ನು. ನನ್ನನ್ನ ಸಲಿಗೆಯಿಂದ ಕರೆಯೋದು ಗೋಪ್ಫ್ ಅಂತ," ಅಂದರು. ಹಿರಿಯರು ಹೀಗೆ ಏಕವಚನ ಕೊಡುವುದು ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಎದುರು ಮನೆಯವರಿಗೇ ಅವರು ಇನ್ನೂ ಕೊಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಇಡೀ ಹುಲ್ಲುಗಾವಲಿನಲ್ಲಿ "ಗೋಪ್ಫ್, ಚೆಂಡು ಕೊಡೋ!" ಎಂಬ ಕೂಗು.

ಮಾವನ ಕಷ್ಟ ದಿನೇದಿನೇ ಏರಿತು. ಹೋದಲ್ಲೆಲ್ಲ ಅವರಿಗೆ ಕಾಫಿ, ಮರ್ಯಾದೆ. ಕೊನೆಗೆ ಸೋಮವಾರ ಪಂಚಾಯಿತಿ ಕಚೇರಿಗೇ ಹೋದರು, ನನ್ನನ್ನೂ ಸಾಕ್ಷಿಗೆ ಕರೆದುಕೊಂಡು. ಬಾಗಿಲು ಮುಚ್ಚಿತ್ತು. ಒಳಗೆ ಚೂಡಿಯವರು ಇದ್ದರು. ಮಾವ ಕಿಟಕಿಯಿಂದಲೇ ಎಲ್ಲ ಹೇಳಿದರು: ಕೋಬಿ, ಗಿರಾಕಿ, ಮಾಮೂಲಿ.

ಚೂಡಿಯವರು ನಮ್ಮ ತಲೆಗಳ ಮೇಲಿಂದ ಹುಲ್ಲುಗಾವಲನ್ನು ನೋಡುತ್ತಿದ್ದರು. ಅಲ್ಲಿ ಸೊಂಟನೋವಿನವರು ಬಗ್ಗಿ ಗುಂಡು ಉರುಳಿಸುತ್ತಿದ್ದರು. ಅವರ ಪಾದದ ಹತ್ತಿರ ಅಳತೆ ಪಟ್ಟಿ ಹಿಡಿದು ಕೂತಿದ್ದವಳು ಲಾದಿನಾ.

"ಎಟ್ಟರ್ ಅವರೇ," ಅಂದರು ಕೊನೆಗೆ, "ಇವತ್ತು ಯಾವ ವಾರ?"

"ಸೋಮವಾರ."

"ಸೋಮವಾರ ಕಚೇರಿ ಮುಚ್ಚಿರತ್ತೆ. ಮುಚ್ಚಿದ ಕಚೇರೀಲಿ ಹೇಳಿದ್ದು ಹೇಳಿದ ಹಾಗಲ್ಲ. ನಾಳೆ ತೆರೆದಿರತ್ತೆ, ಆದರೆ ನಾನಿರಲ್ಲ. ನಾಡಿದ್ದು ಊರಸಭೆ."

"ಅಂದ್ರೆ ಅಲ್ಲಿವರೆಗೆ ನಾನು ಸುಮ್ಮನಿರಬೇಕಾ?"

"ನಾನು ಹಾಗೆ ಹೇಳಲಿಲ್ಲ. ಕಚೇರಿ ಮುಚ್ಚಿದೆ ಅಂದೆ." ಕಿಟಕಿ ಮುಚ್ಚುವಾಗ ಅವರ ತುಟಿಯಂಚಿನಲ್ಲಿ ಕಂಡದ್ದು ನಗುವೇ ಇರಬೇಕು. ನಮ್ಮ ಅಧ್ಯಕ್ಷರು ನಕ್ಕದ್ದನ್ನು ಮೊದಲು ನೋಡಿದವರಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ.

ಬುಧವಾರ ಶಾಲೆಯ ವ್ಯಾಯಾಮದ ಹಾಲ್ ತುಂಬಿತ್ತು. ಎಂದೂ ಹೀಗೆ ತುಂಬಿದ್ದಿಲ್ಲ. ಕುರ್ಚಿ ಸಾಲದೆ ಕೆಲವರು ಮಕ್ಕಳು ಹಾರಿ ದಾಟುವ ಮರದ ಸಾಧನ, ಜಿಗಿಯುವ ಕುದುರೆಯ ಮೇಲೆ ಕೂತಿದ್ದರು. ಹದಿನೆಂಟು ತುಂಬದವರಿಗೆ ಮತವಿಲ್ಲ, ಆದ್ದರಿಂದ ಲಾದಿನಾ ಮತ್ತವಳ ಗೆಳೆಯರು ಗೋಡೆಗೆ ಒರಗಿ ನಿಂತಿದ್ದರು. ಅವರ ಪಾರ್ಕನ್ನು ತೀರ್ಮಾನಿಸುವ ಕೈಗಳಲ್ಲಿ ಅವರದ್ದು ಒಂದೂ ಇರಲಿಲ್ಲ.

ಪಾರ್ಕಿನ ವಿಷಯ ಬಂದ ಕೂಡಲೇ ಮಾವ ಎದ್ದರು.

"ಕಂಬ ನೆಟ್ಟ ಮೂರ್ಖ ನಾನು," ಅಂದರು. "ಇದು ದೊಡ್ಡ ಮಾತಲ್ಲ. ಸಣ್ಣ ಮಾತು. ನಾನೇ ಫೋನ್ ಮಾಡಿದ್ದು, ನಾನೇ ಎತ್ತರ ಹೇಳದೇ ಹೋಗಿದ್ದು. ಕಂಪನಿ ಇಲ್ಲ. ನೆಲಮಾಳಿಗೆ ಇಲ್ಲ. ಲಿಫ್ಟ್ ಕೂಡ ಇಲ್ಲ. ನಾನು ತೋರಿಸಬೇಕು ಅಂತಿದ್ದದ್ದು ಈ ಮಕ್ಕಳ ಮಾಡು, ಮೂರು ಮೀಟರ್. ನನ್ನ ಸ್ಥಾನಕ್ಕೆ ರಾಜೀನಾಮೆ ಕೊಡ್ತೀನಿ."

ಹಾಲ್‌ನಲ್ಲಿ ಒಮ್ಮೆಗೇ ಗದ್ದಲ.

"ನಾಲ್ಕು ದಿನ ರಜಾ ಹಾಕಿ ಕಾವಲು ಕಾದೆನಲ್ರೀ!"

"ನಮ್ಮತ್ತೆ ಕೈಲೂ ಸಹಿ ಹಾಕಿಸಿದೆ, ಅವರಿಗೆ ಕಣ್ಣೇ ಕಾಣಲ್ಲ!"

ಚೂಡಿಯವರು ಗಂಟೆ ಬಾರಿಸಿದರು. "ರಾಜೀನಾಮೆ ಒಪ್ಪೋಕಾಗಲ್ಲ. ಇಂಥ ತಪ್ಪು ಮಾಡಿದ ಮೇಲೆ ನಿಮಗಿಂತ ಸಾಮಾನ್ಯರು ಸಿಗೋದು ಕಷ್ಟ."

ನಗು ಹಬ್ಬಿತು, ಆದರೆ ನಿಡರರ್ ನಗಲಿಲ್ಲ. ಅವರ ಮುಖ ಬೆಳ್ಳಗಾಗಿತ್ತು. "ಹಾಗಾದ್ರೆ ಇಷ್ಟು ದಿನ ನಾನು ಅಲ್ಲಿ ಯಾರ ವಿರುದ್ಧ ಕೂತಿದ್ದೆ?"

"ವಿರುದ್ಧ ಎಲ್ಲಿ ಕೂತಿದ್ದೆ ಗೋಪ್ಫ್?" ಅಂದಳು ಗೋಡೆಯ ಬಳಿಯಿಂದ ಲಾದಿನಾ. "ನಮ್ಮ ಜೊತೆ ಕೂತಿದ್ದೆ. ಆರು ಸಾಸೇಜ್ ತಿಂದೆ."

ಯಾರೋ ಹಿಂದಿನಿಂದ, "ಅಂತೂ ಗಂಡಾಂತರ ತಪ್ಪಿತಲ್ಲ, ಜಾಗ ಹೇಗಿದೆಯೋ ಹಾಗೇ ಇರಲಿ. ಕಂಬ ಕೀಳಿಸಿ, ಗುತ್ತಿಗೆಗೆ ಕೊಟ್ಟುಬಿಡಿ. ಪಾರ್ಕೂ ಬೇಡ, ಪಜೀತಿಯೂ ಬೇಡ," ಅಂದರು. ತಲೆಗಳು ಹೌದು ಹೌದು ಎಂದು ಆಡಿದವು. ನನಗೆ ಭಯವಾದದ್ದು ಆಗ. ಸಿಟ್ಟಾದವರನ್ನು ಒಪ್ಪಿಸಬಹುದು, ಸಮಾಧಾನವಾದವರನ್ನು ಒಪ್ಪಿಸುವುದು ಹೇಗೆ? ಬೇಡವಾದದ್ದರ ಸುತ್ತ ಒಂದೇ ದಿನದಲ್ಲಿ ಸೇರಿದ ಊರು, ಬೇಕಾದದ್ದರ ಮುಂದೆ ಮನೆಗೆ ಹೋಗಲು ಕೋಟು ಹುಡುಕುತ್ತಿತ್ತು. ಲಾದಿನಾ ಗೋಡೆಯಿಂದ ಬೆನ್ನು ತೆಗೆದು ಬಾಗಿಲ ಕಡೆ ನೋಡಿದಳು.

"ಒಂದು ನಿಮಿಷ. ನನ್ನದೊಂದು ಆಕ್ಷೇಪಣೆ ಇದೆ." ನಿಡರರ್ ಎದ್ದಿದ್ದರು.

ಹಾಲ್ ಇಡೀ ನಿಟ್ಟುಸಿರಿಟ್ಟಿತು. ಅವರ ಆಕ್ಷೇಪಣೆಗಳ ಉದ್ದ ಎಲ್ಲರಿಗೂ ಗೊತ್ತಿತ್ತು. ಕೋಟು ಹಾಕಿಕೊಂಡವರು ಮತ್ತೆ ಬಿಚ್ಚಿದರು.

"ನಮ್ಮ ಸಮಿತಿ ಬರೆಸಿ ಗೋಡೆಗೆ ಹಾಕಿರೋ ಆ ನಕ್ಷೆ ನೋಡಿ. ಚೆಂಡಾಟದ ನೆಲ, ಮಾಡು, ಎಲ್ಲಾ ಆ ತುದೀಲಿ, ಹಳ್ಳದ ಹತ್ತಿರ ಹಾಕಿದ್ದಾರೆ. ಇದನ್ನ ನಾನು ತೀವ್ರವಾಗಿ ವಿರೋಧಿಸ್ತೀನಿ."

"ದೂರ ಇರಲಿ ಅಂತ ನೀವೇ ಹೇಳಿದ್ರಿ," ಅಂದರು ಚೂಡಿಯವರು.

"ಹೇಳಿದ್ದೆ. ಆಗ ನನಗೆ ಕಣ್ಣಿಗೆ ಕಟ್ಟಿರಲಿಲ್ಲ. ಅಷ್ಟು ದೂರ ಹಾಕಿದ್ರೆ ಯಾರು ಗೆದ್ರು ಅಂತ ನನಗೆ ಬಾಲ್ಕನಿಯಿಂದ ಹೇಗೆ ಗೊತ್ತಾಗಬೇಕು? ಆ ಹುಡುಗರು ಲೆಕ್ಕದಲ್ಲಿ ಮೋಸ ಮಾಡ್ತಾರೆ, ಗೊತ್ತಾ? ಯಾರಾದ್ರೂ ನೋಡ್ತಾ ಇರ್ಬೇಕು. ಎಲ್ಲಾನೂ ಈ ಕಡೆಗೆ ತನ್ನಿ, ನನ್ನ ಬೇಲಿ ಹತ್ತಿರಕ್ಕೆ. ಗುಂಡಿನ ಆಟಾನೂ ಪಕ್ಕದಲ್ಲೇ ಇರಲಿ, ಇಲ್ಲದಿದ್ರೆ ನಾವು ಮುದುಕರು ಒಂದು ಮೂಲೆ, ಅವರು ಒಂದು ಮೂಲೆ, ಮಧ್ಯೆ ಹುಲ್ಲು ಕತ್ತರಿಸೋದು ಯಾರು?"

"ಮಾಡಿನ ಎತ್ತರ?" ಎಂದು ಮಾವ ಮೆಲ್ಲಗೆ ಕೇಳಿದರು.

"ಮೂರು ಸಾಲದು. ನಮ್ಮ ಲಾದಿನಾಳ ಗೆಳೆಯ ಒಬ್ಬ ಇದ್ದಾನಲ್ಲ, ಏಣಿ ಥರ. ಅವನು ಚೆಂಡೆಸೆಯುವಾಗ ಕೈ ತಾಗತ್ತೆ. ಮೂರೂವರೆ."

ಈ ತಿದ್ದುಪಡಿಯೊಂದಿಗೆ ಪಾರ್ಕು ಮತಕ್ಕೆ ಬಂತು. ನಿಡರರ್ ಕೈ ಮೊದಲು ಮೇಲೆದ್ದಿತು. ಅದರ ಹಿಂದೆ ಅವರ ಬೀದಿ, ಅದರ ಹಿಂದೆ ಉಳಿದ ಬೀದಿಗಳು, ಕೊನೆಗೆ ಜಿಗಿಯುವ ಕುದುರೆಯ ಮೇಲಿದ್ದವರು. ಮತವಿಲ್ಲದ ಹುಡುಗರು ಕೈಯೆತ್ತಬಾರದೆಂದು ಜೇಬಿನೊಳಗೆ ಕೈ ಬಿಗಿಹಿಡಿದು ನಿಂತಿದ್ದರು. ಚೂಡಿಯವರು ಫಲಿತಾಂಶ ಹೇಳಿದಾಗ ಲಾದಿನಾ ಕೂಗಲಿಲ್ಲ, ಕುಣಿಯಲಿಲ್ಲ. ಗೋಡೆಗೆ ಒರಗಿದ್ದವಳು ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಳು.

ಸಭೆ ಮುಗಿದು ಬಿಳಿ ವೈನು, ಚೀಸಿನ ತುಂಡು ಬಂದವು. ಮಾವನನ್ನು ಬೈಯಬೇಕೆಂದಿದ್ದವರೆಲ್ಲ ಸಾಲಾಗಿ ಬಂದು, ಬಾಯಿತುಂಬ ಚೀಸು ತುಂಬಿಕೊಂಡು, ಮನಸಾರೆ ಬೈದು ಹೋದರು. ಮಾವ ಪ್ರತಿಯೊಬ್ಬರಿಗೂ ತಲೆಬಾಗಿಸಿ ಧನ್ಯವಾದ ಹೇಳಿದರು. ಒಂದು ವಾರದಿಂದ ಹೊಗಳಿಕೆ ತಿಂದು ಒಣಗಿದ್ದ ಮುಖಕ್ಕೆ ಬೈಗುಳ ತಗುಲಿ ರಕ್ತ ಬಂದಂತಿತ್ತು.

ಶುಕ್ರವಾರ ಕೋಬಿ ಬಂದು ಕಂಬಗಳನ್ನು ಕಿತ್ತುಕೊಂಡು ಹೋದ. ಬಳೆಯನ್ನು ಬಿಚ್ಚಿ ಡೇರಿಯ ಗೋಡೆಗೆ ಹೊಡೆದುಕೊಟ್ಟ. ಎತ್ತರವನ್ನು ಮೂರು ಸಲ ಕೇಳಿಕೊಂಡನಂತೆ.

ಶನಿವಾರ ಮಧ್ಯಾಹ್ನ, ಯೋಜನೆಯ ಕಾಗದಕ್ಕೆ ಸಹಿ ಹಾಕಲು ಮಾವ ಚೂಡಿಯವರ ಮನೆಗೆ ಹೋಗಿದ್ದರು, ಜೊತೆಗೆ ನಾನೂ. ಫೋನು ಬಂತು. ಆ ಕಡೆಯ ದನಿ ನಮಗೂ ಕೇಳುವಷ್ಟು ದೊಡ್ಡದಾಗಿತ್ತು.

"ಅಧ್ಯಕ್ಷರೇ, ನಾನು ನಿಡರರ್. ಹುಲ್ಲುಗಾವಲಿನ ಗಲಾಟೆ ವಿಷಯ ದೂರು ಕೊಡಬೇಕಿತ್ತು."

ಚೂಡಿಯವರು ಕಣ್ಣು ಮುಚ್ಚಿಕೊಂಡರು. ಹನ್ನೆರಡು ವರ್ಷಗಳ ಅಭ್ಯಾಸಬಲದಿಂದ ಬಾಯಿ ತಾನಾಗಿ ತೆರೆದುಕೊಂಡಿತು. "ಕ್ಷಮಿಸಿ ನಿಡರರ್ ಅವರೇ, ಈಗಲೇ ಹೋಗಿ ನಿಲ್ಲಿಸೋಕೆ ಹೇಳ್ತೀನಿ."

"ನಿಲ್ಲಿಸೋದೇನ್ರೀ? ಗಂಟೆ ಎರಡಾಗ್ತಾ ಬಂತು, ಕುರ್ಚಿ ಹಾಕ್ಕೊಂಡು ಕಾಯ್ತಾ ಇದ್ದೀನಿ, ಇನ್ನೂ ಶುರುವೇ ಆಗಿಲ್ಲ!"